ವಿಮಾನದ ಬಲಗಡೆ

“ನಿನ್ನ ಗಂಡನಿಗೆ ಹೇಳು, ತೂಕ ಅಂದ್ರೆ ತೂಕ. ಮುಳ್ಳು ನಡುವೆ ನಿಂತ್ರೆ ಸಮ, ನಿಲ್ಲದಿದ್ರೆ ಮೋಸ. ಸ್ವಲ್ಪ ಮುಂದಕ್ಕೆ ವಾಲಿರ್ಲಿ ಅನ್ನೋ ಮಾತೇ ಇಲ್ಲ.”

ಅಪ್ಪ ಈ ಮಾತು ಹೇಳಿದಾಗ ಗಂಡನೇನು ಊರಾಚೆ ಇರಲಿಲ್ಲ. ಊಟದ ಮೇಜಿನ ಈ ಬದಿಗೆ ಅಪ್ಪ, ಆ ಬದಿಗೆ ಗಂಡ. ನಡುವೆ, ಮೇಜಿನ ಉದ್ದಕ್ಕೂ ರೆಕ್ಕೆ ಚಾಚಿಕೊಂಡ ಹಳದಿ ರಿಮೋಟ್ ವಿಮಾನ. ಕೈ ಚಾಚಿದರೆ ಒಬ್ಬರ ಮೂಗು ಇನ್ನೊಬ್ಬರ ಕೈಗೆ ಸಿಗುತ್ತಿತ್ತು. ಆದರೂ ಮಾತು ಮಾತ್ರ ಮಗಳ ಮೂಲಕವೇ ಹೋಗಬೇಕು. ಎಂಟು ತಿಂಗಳಿಂದ ಆ ಮನೆಯ ರಿವಾಜು ಅದು.

“ಕೇಳಿಸ್ತಾ?” ಅಂದಳು ಅವಳು ಗಂಡನಿಗೆ.

“ಕೇಳಿಸ್ತು. ನಿಮ್ಮಪ್ಪನಿಗೆ ಹೇಳು, ಇದು ತಕ್ಕಡಿ ಅಲ್ಲ ಅಂತ. ನಾವು ರಿಪೇರಿ ಮಾಡೋ ಲಿಫ್ಟಿನಲ್ಲಿ ಖಾಲಿ ಡಬ್ಬಿಗಿಂತ ಆಚೆ ಕಡೆಯ ತೂಕ ಹೆಚ್ಚೇ ಇಡ್ತೀವಿ. ಯಾಕೆ? ಜನ ಹತ್ತೋದಿದೆ. ವಿಮಾನಕ್ಕೂ ಅಷ್ಟೇ, ನಿಂತಾಗ ಸಮ ಇದ್ರೆ ಸಾಲದು, ಹಾರುವಾಗ ಸಮ ಇರಬೇಕು. ಮೊದಲ ಸಲ ಹಾರಿಸುವಾಗ ಮೂಗು ಒಂದು ಚೂರು ಕೆಳಗಿದ್ರೆ ಕ್ಷೇಮ. ಬಾಲ ಭಾರ ಆದ್ರೆ ಮುಗೀತು, ಆ ದೇವರು ಬಂದ್ರೂ ಹಿಡಿಯೋಕಾಗಲ್ಲ.”

“ಅಪ್ಪಾ, ಅವರು ಹೇಳ್ತಿದಾರೆ...”

“ನನಗೇನು ಕಿವುಡಾ?” ಎಂದರು ಅಪ್ಪ. “ಎಲ್ಲ ಕೇಳಿಸ್ತು. ನಲವತ್ತು ವರ್ಷ ತಕ್ಕಡಿ ರಿಪೇರಿ ಮಾಡಿದೋನು ನಾನು. ಅಕ್ಕಸಾಲಿಗರ ತಕ್ಕಡಿಯಿಂದ ಹಿಡಿದು ಲಾರಿ ತೂಗೋ ಕಾಟಾದ ತನಕ. ನನಗೆ ಸಮ ಅಂದ್ರೇನು ಅಂತ ಮೇಲೆ ಕೆಳಗೆ ಓಡಾಡೋರು ಹೇಳಿಕೊಡಬೇಕಾ? ಕೇಳು ಅವನನ್ನ.”

ಮೇಜಿನ ಮೇಲೆ ಅಪ್ಪನೇ ಮಾಡಿದ ಎರಡು ಮರದ ಗೂಟಗಳಿದ್ದವು. ತುದಿಗೆ ಪೆನ್ಸಿಲ್ ರಬ್ಬರು ಅಂಟಿಸಿದ ಗೂಟಗಳು. ರೆಕ್ಕೆಯ ಅಡಿಗೆ, ಅಗಲದಲ್ಲಿ ಮುಂದಿನಿಂದ ಮೂರನೇ ಒಂದು ಪಾಲಿನ ಜಾಗದಲ್ಲಿ ಹಾಕಿದ್ದ ಗುರುತು ಸರಿಯಾಗಿ ಆ ರಬ್ಬರಿನ ಮೇಲೆ ಕೂತಿತ್ತು. ಬ್ಯಾಟರಿ ಒಳಗಿತ್ತು, ಮುಚ್ಚಳ ಹಾಕಿತ್ತು, ಚಕ್ರ ಕಟ್ಟಿತ್ತು. ಹಾರುವಾಗ ಏನೇನು ಇರುತ್ತದೋ ಅಷ್ಟೂ ಇಟ್ಟೇ ತೂಗಬೇಕು ಎಂಬ ಒಂದು ವಿಷಯದಲ್ಲಿ ಮಾತ್ರ ಮಾವ ಅಳಿಯ ಇಬ್ಬರದೂ ಒಂದೇ ಮಾತು. ವಿಮಾನ ಅಲುಗದೆ ನಿಂತಿತ್ತು. ಮೂಗು ಬಾಲ ಎರಡೂ ನೀರಿನ ಮಟ್ಟದಂತೆ ಸಮ. ಅಪ್ಪನ ಮುಖದಲ್ಲಿ ಹೆಮ್ಮೆ, ಗಂಡನ ಮುಖದಲ್ಲಿ ಕಿರಿಕಿರಿ.

ಅಡುಗೆಮನೆಯಿಂದ ಅಮ್ಮ ಕೂಗಿದಳು: “ಮೇಜು ಯಾವಾಗ ಖಾಲಿ ಆಗತ್ತೆ? ಅನ್ನ ಆರಿ ಕಲ್ಲಾಗ್ತಿದೆ. ಇನ್ನೂ ಎಷ್ಟು ದಿನ ತಟ್ಟೆ ತೊಡೆ ಮೇಲಿಟ್ಕೊಂಡು ಉಣ್ಣೋದು? ನಾನೇನು ಬಸ್ಸಲ್ಲಿ ಕೂತಿದೀನಾ?”

ಮಗಳಿಗೆ ರೇಗಿತು. ಬೆಳಿಗ್ಗೆಯಿಂದ ನಾಲ್ಕು ತಲೆ ಕತ್ತರಿಸಿ ಸೊಂಟ ಹಿಡಿದಿತ್ತು. ಮನೆಯ ಮುಂದಿನ ಕೋಣೆಯೇ ಅವಳ ಕ್ಷೌರದಂಗಡಿ: ಒಂದು ಕುರ್ಚಿ, ಗೋಡೆಯಗಲದ ಒಂದು ಕನ್ನಡಿ, ಒಂದು ಬೆಂಚು. ಬೀದಿಯವರೆಲ್ಲ ಅವಳನ್ನು ಕತ್ತರಿಯಕ್ಕ ಎಂದೇ ಕರೆಯುವುದು. ಅಲ್ಲಿ ಗಿರಾಕಿಗಳ ಮಾತು ಕೇಳಬೇಕು, ಇಲ್ಲಿ ಬಂದರೆ ಇವರಿಬ್ಬರ ಮಾತು ಹೊರಬೇಕು.

ಅವಳು ಅಪ್ಪನ ಸಾಮಾನಿನ ಡಬ್ಬಿಯಿಂದ ಒಂದು ಸೀಸದ ಚೂರು ತೆಗೆದಳು, ವಿಮಾನದ ಮೂಗಿನ ಒಳಗೆ ತುರುಕಿದಳು, ಮೇಲೆ ಟೇಪು ಒತ್ತಿದಳು. ಮೂಗು ಮೆಲ್ಲಗೆ ಒಂದು ಬೆರಳಿನಷ್ಟು ಬಗ್ಗಿತು.

“ಯಾರು ಹೇಳಿದ್ದು ನಿನಗೆ?” ಅಪ್ಪ ಎದ್ದು ನಿಂತರು.

“ಯಾರೂ ಹೇಳಿಲ್ಲ. ಹಸಿವು ಹೇಳ್ತು.”

“ಮಗಳು ಗಂಡನ ಕಡೆ ವಾಲಿದಳು. ಆಯ್ತು. ಆಯ್ತಮ್ಮ.”

ಅಮ್ಮ ಬಾಗಿಲಿಗೆ ಬಂದು ಇಣುಕಿದಳು. “ಮೂಗಿಗಿಂತ ಮೂಗುತಿ ಭಾರ ಅಂದಂಗಾಯ್ತು,” ಎಂದು ವಿಮಾನವನ್ನೂ ಅಳಿಯನನ್ನೂ ಒಟ್ಟಿಗೇ ನೋಡಿದಳು. ಅಪ್ಪ ಆ ಮಧ್ಯಾಹ್ನ ಊಟ ಮಾಡಲಿಲ್ಲ. ಅಮ್ಮ ಕರೆಯಲೂ ಇಲ್ಲ.

ಇದಕ್ಕೆಲ್ಲ ಮೂಲ ಒಂದು ಹುಟ್ಟುಹಬ್ಬ. ಗಂಡ ಹೆಂಡತಿ ಮೊದಲು ಬಾಡಿಗೆಗಿದ್ದ ಕಟ್ಟಡ ಕೆಡವಿದಾಗ, “ಮುಂದಿನ ಕೋಣೇಲಿ ಅಂಗಡಿ ಇಟ್ಕೊಂಡು ಐದು ವರ್ಷದಿಂದ ದಿನಾ ಇಲ್ಲಿಗೇ ಬರ್ತೀಯ, ಇಲ್ಲೇ ಬಂದಿರಿ” ಎಂದು ಅಪ್ಪನೇ ಕರೆದದ್ದು. ಬಂದ ಎರಡನೇ ತಿಂಗಳಿಗೆ ಅಪ್ಪನಿಗೆ ಎಪ್ಪತ್ತು ತುಂಬಿತು. ಅಳಿಯ ಲಿಫ್ಟ್ ಮೆಕ್ಯಾನಿಕ್; ಮದುವೆಗೆ ಮುಂಚೆ ಜೊತೆ ಕೆಲಸಗಾರರ ಸಂಗಡ ಭಾನುವಾರ ಬಯಲಲ್ಲಿ ರಿಮೋಟ್ ವಿಮಾನ ಹಾರಿಸುತ್ತಿದ್ದವನು. ಮಾವನ ಕೈಚಳಕ ಕಂಡು, ಈ ಮುದುಕನಿಗೆ ಹೊತ್ತು ಹೋಗದೆ ಒದ್ದಾಟ ಎಂದು, ಒಂದು ದೊಡ್ಡ ಪೆಟ್ಟಿಗೆ ತಂದುಕೊಟ್ಟ: ಹಗುರ ಮರದ ಪಟ್ಟಿಗಳು, ಕಡ್ಡಿಗಳು, ಮೋಟಾರು, ರಿಮೋಟು, ಎಲ್ಲ. ಮನೆ ತುಂಬ ನೆಂಟರು. ಅಪ್ಪ ಪೆಟ್ಟಿಗೆ ನೋಡಿ ನಕ್ಕರು. “ಏನಪ್ಪ ಇದು? ಬಾಡಿಗೆ ಬದಲು ಆಟಿಕೆಯಾ?” ಅಂದರು.

ನೆಂಟರೆಲ್ಲ ನಕ್ಕರು. ಅಪ್ಪ ತಮಾಷೆಗೆ ಅಂದದ್ದೋ ಏನೋ, ಅವರಿಗೇ ಗೊತ್ತಿರಲಿಕ್ಕಿಲ್ಲ. ಅಳಿಯ ಮಾತ್ರ ನಗಲಿಲ್ಲ. ಮಾರನೇ ದಿನ ಬಾಡಿಗೆ ಅಂತ ದುಡ್ಡು ತಂದು ಮೇಜಿನ ಮೇಲಿಟ್ಟ. ಅಪ್ಪ ಅದನ್ನು ಮುಟ್ಟಲಿಲ್ಲ; “ಮನೆಯೋರ ಮಧ್ಯೆನೇ ವ್ಯಾಪಾರ ಶುರು ಆದಂಗಾಯ್ತು” ಅಂದರು. ಅಲ್ಲಿಗೆ ಇಬ್ಬರ ಮಾತು ನಿಂತಿತು. ದುಡ್ಡು ಅಮ್ಮ ಎತ್ತಿಕೊಂಡಳು. “ಮುನಿಸು ನಿಮ್ಮದು, ತರಕಾರಿ ನನ್ನದು,” ಅಂದಳು.

ಒಂದು ತಿಂಗಳು ಪೆಟ್ಟಿಗೆ ಮಂಚದಡಿ ಧೂಳು ತಿಂದಿತು. ಆಮೇಲೆ ಒಂದು ದಿನ ಅಪ್ಪ ‘ಏನು ತುಂಬಿದ್ದಾನೆ ನೋಡೋಣ’ ಎಂದು ಬಿಚ್ಚಿದವರು ಮುಚ್ಚಲೇ ಇಲ್ಲ. ಕನ್ನಡಕದ ಮೇಲೆ ಕನ್ನಡಕ ಹಾಕಿಕೊಂಡು ಪಟ್ಟಿಗೆ ಪಟ್ಟಿ ಅಂಟಿಸಿದರು. ಅಮ್ಮನ ಇಸ್ತ್ರಿಪೆಟ್ಟಿಗೆ ಕದ್ದು ಹಳದಿ ಹಾಳೆ ಬಿಸಿ ಮಾಡಿ ಮೈಗೆ ಎಳೆದರು. ಒಂದು ಸುಕ್ಕಿಲ್ಲ. ಆದರೆ ಅಳಿಯನನ್ನು ಒಂದು ಮಾತು ಕೇಳಲಿಲ್ಲ. ಕೊನೆಗೆ ಉಳಿದದ್ದು ರಿಮೋಟು. ಅದು ಅಳಿಯನಿಗೆ ಮಾತ್ರ ಗೊತ್ತು. ವಿಮಾನ ಮುಗಿಯಬೇಕಾದರೆ ಒಬ್ಬರಿಗೆ ಇನ್ನೊಬ್ಬರು ಬೇಕು. ಕತ್ತರಿಯಕ್ಕನ ಆಸೆಯೆಲ್ಲ ಅದರ ಮೇಲೇ ನಿಂತಿತ್ತು.

ಯಾಕೆಂದರೆ ಗಂಡ ಆಗಲೇ ಬೇರೆ ಕೋಣೆ ನೋಡಿ ಬಂದಿದ್ದ.

“ಮೂರನೇ ಮಹಡಿ. ಗಾಳಿ ಬೆಳಕು ಚೆನ್ನಾಗಿದೆ,” ಎಂದ ಸೋಮವಾರ ಬೆಳಿಗ್ಗೆ, ಅವಳು ಅಂಗಡಿಯ ನೆಲ ಗುಡಿಸುತ್ತಿದ್ದಾಗ.

“ಕುರ್ಚಿ ಎಲ್ಲಿಡ್ಲಿ?”

“ಯಾವ ಕುರ್ಚಿ?”

“ನನ್ನ ಕುರ್ಚಿ. ನನ್ನ ಕನ್ನಡಿ. ಗಿರಾಕಿಗಳನ್ನ ಮೂರನೇ ಮಹಡಿಗೆ ಏನು, ನೀವು ಲಿಫ್ಟಲ್ಲಿ ಕರ್ಕೊಂಡು ಬರ್ತೀರಾ?”

“ಬೇರೆ ಅಂಗಡಿ ನೋಡೋಣ.”

“ಆರು ವರ್ಷ ಆಯ್ತು ನಾನಿಲ್ಲಿ ನಿಂತು. ಆ ಬೆಂಚಿನ ಮೇಲೆ ಕೂತ್ಕೊಂಡು ಕೂದಲು ಬಿಳಿ ಮಾಡ್ಕೊಂಡಿರೋ ಜನ ಇದಾರೆ. ಬೇರೆ ಅಂಗಡಿ ಅಂದ್ರೆ ಬೇರೆ ಬೀದಿ, ಬೇರೆ ತಲೆ. ಮೊದಲಿಂದ ಶುರು ಮಾಡ್ಬೇಕು.”

“ಹಾಗಾದ್ರೆ ನಾನು ದಿನಾ ಈ ಮನೇಲಿ ಕಳ್ಳನ ತರ ಉಂಡು ಎದ್ದು ಹೋಗ್ಲಾ? ನಿಮ್ಮಪ್ಪನ ಊಟ ಆದಮೇಲೆ ನನ್ನ ಊಟ. ನಾನು ಬಂದ್ರೆ ಅವರು ಏಳ್ತಾರೆ. ಒಂದು ಉಪ್ಪಿನ ಡಬ್ಬಿ ಬೇಕಾದ್ರೂ ನಿನ್ನ ಕೂಗಬೇಕು.”

ಅದು ಸುಳ್ಳಲ್ಲ. ಅವಳಿಗೂ ಗೊತ್ತಿತ್ತು. ಪೊರಕೆ ಗೋಡೆಗಿಟ್ಟು ಅಂದಳು: “ವಿಮಾನ ಹಾರ್ಲಿ. ಇನ್ನೆರಡು ವಾರ. ಅವರು ಕಟ್ಟಿದ್ದನ್ನ ನೀವು ಹಾರಿಸಿ. ಆಮೇಲೂ ಹೀಗೇ ಇದ್ರೆ ನಾನು ಬಾಯಿ ಬಿಡಲ್ಲ, ಬರ್ತೀನಿ.”

ಅವನು ಯೋಚಿಸಿದ. “ಮನೆ ಮಾಲೀಕ ಅದರ ಮುಂದಿನ ಬುಧವಾರದವರೆಗೆ ಕಾಯ್ತಾನಂತೆ. ಅಷ್ಟೇ. ಬುಧವಾರ ಬೀಗದ ಕೈ ತಗೊಳ್ತೀನಿ, ಇಲ್ಲಾ ಬೇಡ ಅಂತೀನಿ.”

ಆ ವಾರ ಅಮ್ಮ ಎರಡು ಪಂಕ್ತಿ ಬಡಿಸಿ ಬಡಿಸಿ ಸೋತಳು. ಅಪ್ಪನಿಗೆ ಮೊಟ್ಟೆ ಬೇಯಿಸಿಟ್ಟರೆ ಅಳಿಯನಿಗೆ ಆರಿದ ಮೊಟ್ಟೆ. ಅಳಿಯನಿಗೆ ಬಿಸಿ ಮಾಡಿದರೆ ಅಪ್ಪನಿಗೆ ಹೊಟ್ಟೆಕಿಚ್ಚು.

“ಅವನಿಗೆ ಎರಡನೇ ಸಲ ಒಲೆ ಹಚ್ತೀಯಾ? ನನಗೆ ಯಾವತ್ತಾದ್ರೂ ಹಚ್ಚಿದ್ಯಾ?”

“ನಿಮಗೆ ಹಚ್ಚಿ ಹಚ್ಚಿ ನಾನೇ ಉರಿದುಹೋಗಿದೀನಿ. ಸುಮ್ಮನೆ ತಿನ್ನಿ.”

ಮುಂದಿನ ಭಾನುವಾರ ರಿಮೋಟಿನ ಸರದಿ. ಮೂಗಿನ ಪಂಖ ಬಿಚ್ಚಿಟ್ಟಿದ್ದರು, ತಪ್ಪಿ ಮೋಟಾರು ತಿರುಗಿದರೆ ಬೆರಳು ಹೋಗಬಾರದೆಂದು. ವಿಮಾನ ಮೇಜಿನ ಮೇಲೆ, ಮೂಗು ಅಂಗಡಿ ಬಾಗಿಲ ಕಡೆ. ಅಪ್ಪ ಬಾಲದ ಹಿಂದೆ ಕೂತು ಸಣ್ಣ ಸ್ಕ್ರೂ ಬಿಗಿಯುತ್ತಿದ್ದರು. ಗಂಡ ಆ ಕೋಣೆಗೇ ಬರಲಿಲ್ಲ. ರಿಮೋಟು ಹಿಡಿದು ಅಂಗಡಿಯ ಬೆಂಚಿನ ಮೇಲೆ ಕೂತ. ಹೊಸ್ತಿಲ ಮೇಲೆ, ಇಬ್ಬರ ನಡುವೆ, ಅವಳು.

“ನೀನೇ ನೋಡಿ ಹೇಳು, ಸಾಕು,” ಎಂದ ಗಂಡ. “ರಿಮೋಟಿನ ಕಡ್ಡಿ ಬಲಕ್ಕೆ ತಳ್ಳಿದೀನಿ. ಬಲರೆಕ್ಕೆಯ ಹಿಂದಿನ ಪಟ್ಟಿ ಏನಾಯ್ತು?”

ಅವಳು ವಿಮಾನವನ್ನು ನೋಡಿದಳು. ದಿನವಿಡೀ ಕನ್ನಡಿ ನೋಡುವಂತೆಯೇ, ನೆಟ್ಟಗೆ ಎದುರಿಗೆ. ರೆಕ್ಕೆಯ ಅಂಚಿನ ಪಟ್ಟಿಗಳು ಕಿರ್ರೆಂದವು: ತನ್ನ ಬಲಗೈ ಕಡೆಯದು ಕೆಳಗೆ ಹೋಯಿತು, ಎಡಗೈ ಕಡೆಯದು ಮೇಲೆದ್ದಿತು.

“ಬಲಗಡೆದು ಕೆಳಗೆ ಹೋಯ್ತು.”

“ಉಲ್ಟಾ ಇದೆ. ತಡಿ.” ರಿಮೋಟಿನಲ್ಲಿ ದಿಕ್ಕು ಬದಲಿಸುವ ಗುಂಡಿ ಒತ್ತಿದ. “ಈಗ?”

“ಈಗ ಬಲಗಡೆದು ಮೇಲೆ.”

“ಹಾಂ. ಸರಿಯಾಯ್ತು.”

ಅಪ್ಪ ಸ್ಕ್ರೂ ಬಿಟ್ಟು ಒಮ್ಮೆ ತಲೆಯೆತ್ತಿದರು. ರೆಕ್ಕೆ ನೋಡಿದರು, ಮಗಳನ್ನು ನೋಡಿದರು. ಏನೋ ಹೇಳುವವರಂತೆ ಬಾಯಿ ತೆರೆದು ಮತ್ತೆ ಮುಚ್ಚಿಕೊಂಡರು.

“ಏನಪ್ಪಾ?”

“ಏನಿಲ್ಲ. ಹಾರಿಸೋರು ಅವರು. ನನಗ್ಯಾಕೆ?”

ಅದರ ಮುಂದಿನ ಭಾನುವಾರ ಗೋದಾಮುಗಳ ಹಿಂದಿನ ಬಯಲಿಗೆ ಹೋದರು. ಅಮ್ಮನೂ ಹೊರಟಳು, ಒಂದು ಚೀಲದಲ್ಲಿ ಬ್ರೆಡ್ಡು, ಬೇಯಿಸಿದ ಮೊಟ್ಟೆ, ಫ್ಲಾಸ್ಕಲ್ಲಿ ಚಹಾ ತುಂಬಿಕೊಂಡು. ಅಪ್ಪ ಒಗೆದ ಅಂಗಿ ಹಾಕಿದ್ದರು. ವಿಮಾನವನ್ನು ಎರಡೂ ತೋಳಲ್ಲಿ ಮಲಗಿಸಿಕೊಂಡು, ಗುಂಡಿ ಬಂದಲ್ಲೆಲ್ಲ ನಿಂತು ನಿಂತು ನಡೆದರು. ಅಲ್ಲಿ ಸಿಮೆಂಟಿನ ಹಳೇ ರಸ್ತೆಯೊಂದು ಬಯಲ ನಡುವೆ ಸೀಳಿಕೊಂಡು ಹೋಗಿತ್ತು. ಅದರ ಮೇಲೆ ವಿಮಾನ ಇಳಿಸಿದರು.

“ನಿಮ್ಮಪ್ಪನಿಗೆ ಹೇಳು, ಒಂದು ನಿಮಿಷ ಬಾಲ ಹಿಡ್ಕೊಳ್ಳೋಕೆ. ಹಿಂದೆ ನಿಂತು ಒಂದು ಸಲ ಪಟ್ಟಿಗಳನ್ನ ನೋಡ್ತೀನಿ.”

“ನಿನ್ನ ಗಂಡನಿಗೆ ಹೇಳು, ಮನೇಲೇ ನೋಡಾಗಿದೆ ಅಂತ. ಎಷ್ಟು ಸಲ ನೋಡಿದ್ರೂ ಅವೇ ಪಟ್ಟಿ. ನನ್ನ ಕೆಲಸದ ಮೇಲೆ ನಂಬಿಕೆ ಇಲ್ಲದಿದ್ರೆ ಈಗಲೇ ಹೇಳ್ಲಿ, ಮನೆಗೆ ಹೋಗೋಣ.”

ಗಂಡ ರಿಮೋಟು ಎತ್ತಿಕೊಂಡ. ಅವನು ನೋಡಲಿಲ್ಲ. ನೋಡದೆ ಮೋಟಾರು ಏರಿಸಿದ.

ವಿಮಾನ ಓಡಿತು. ಓಡಿ, ಬಾಲ ಎತ್ತಿ, ನೆಲ ಬಿಟ್ಟಿತು. ಒಂದು ಮನೆಯಷ್ಟು, ಎರಡು ಮನೆಯಷ್ಟು ಎತ್ತರ. ಬಿಸಿಲಲ್ಲಿ ಹಳದಿ ಮಿನುಗಿತು. ಅಪ್ಪ “ಹೋಯ್!” ಎಂದು ಮಗುವಿನಂತೆ ಕೂಗಿದರು, ಅವರ ಕೈ ತನ್ನಷ್ಟಕ್ಕೇ ಅಳಿಯನ ಹೆಗಲ ಕಡೆ ಹೋಯಿತು. ಕತ್ತರಿಯಕ್ಕ ಅದನ್ನು ಕಂಡಳು. ಹೆಗಲು ಮುಟ್ಟಲು ಇನ್ನೊಂದು ಗೇಣಿತ್ತು.

ಅಷ್ಟರಲ್ಲಿ ಗಾಳಿ ಬೀಸಿ ಎಡರೆಕ್ಕೆ ಒಂದಿಷ್ಟು ಕೆಳಗಾಯಿತು. ಗಂಡ ಕಡ್ಡಿ ಬಲಕ್ಕೆ ಒತ್ತಿದ. ರೆಕ್ಕೆ ಇನ್ನೂ ಕೆಳಗಾಯಿತು. ಇನ್ನೂ ಒತ್ತಿದ. ವಿಮಾನ ಎಡಮಗ್ಗುಲಿಗೆ ಹೊರಳಿ, ಹೊಟ್ಟೆ ಮೇಲೆ ಮಾಡಿ, ಕಲ್ಲಿನಂತೆ ನೆಲಕ್ಕೆ ಬಂತು. ಪಟ್ಟಿಗಳು ಮುರಿದ ಸದ್ದು ಅಷ್ಟು ದೂರಕ್ಕೂ ಕೇಳಿಸಿತು.

 ಅಮ್ಮನ ಕೈಯಲ್ಲಿ ಅರ್ಧ ಸುಲಿದ ಮೊಟ್ಟೆ.

ಮೊದಲು ಬಾಯಿ ಬಿಟ್ಟದ್ದು ಅಪ್ಪ. “ಕೇಳು ನಿನ್ನ ಗಂಡನನ್ನ. ಏಳು ತಿಂಗಳು ಕಟ್ಟಿದ್ದನ್ನ ಏಳು ಎಣಿಸೋದ್ರಲ್ಲಿ ಮಣ್ಣು ಮಾಡಿದ್ದು ಹೇಗೆ ಅಂತ ಕೇಳು.”

“ನಿಮ್ಮಪ್ಪನಿಗೆ ಹೇಳು, ನಾನು ಬಲಕ್ಕೆ ಒತ್ತಿದೆ, ಅದು ಎಡಕ್ಕೇ ಬಿತ್ತು. ಎಡರೆಕ್ಕೆ ಭಾರ ಇತ್ತು. ಎರಡು ರೆಕ್ಕೆ ಸಮ ತೂಕ ಇರ್ಲಿಲ್ಲ.”

ತಕ್ಕಡಿ ರಿಪೇರಿಯವರಿಗೆ ಅನ್ನಬಾರದ ಮಾತೊಂದಿದ್ದರೆ ಅದು ಇದೇ. ಅಪ್ಪ ತಿರುಗಿಯೂ ನೋಡದೆ ವಿಮಾನ ಬಿದ್ದಲ್ಲಿಗೆ ಹೋದರು. ಚೂರುಗಳನ್ನು ಒಂದೊಂದಾಗಿ ಆಯ್ದು, ಅಂಗಿ ಬಿಚ್ಚಿ ಅದರಲ್ಲಿ ಗಂಟು ಕಟ್ಟಿ, ಬನಿಯನ್ನಿನಲ್ಲೇ ಮನೆಗೆ ನಡೆದರು. ಬ್ರೆಡ್ಡು ಮೊಟ್ಟೆ ಹಾಗೇ ವಾಪಸು ಬಂತು. ಸಂಜೆಗೆ ಅಮ್ಮ ಅದನ್ನೇ ಬಡಿಸಿದಳು. “ಇದನ್ನಾದ್ರೂ ಇಳಿಸಿ,” ಎಂದಳು. 

ಸೋಮವಾರ ಗಂಡ ಬಟ್ಟೆ ಮಡಚಿದ. ಮಂಗಳವಾರ ಟ್ರಂಕಿನ ಬೀಗಕ್ಕೆ ಎಣ್ಣೆ ಬಿಟ್ಟ. “ನೀನೇ ಹೇಳಿದ್ದೆ, ಬಾಯಿ ಬಿಡಲ್ಲ ಅಂತ,” ಎಂದ. ಅವಳು ಬಾಯಿ ಬಿಡಲಿಲ್ಲ. ಒಳಗೊಳಗೇ ಕುದಿಯುತ್ತ ಗಿರಾಕಿಗಳ ಕೂದಲು ಮೊದಲಿಗಿಂತ ಗಿಡ್ಡ ಕತ್ತರಿಸಿದಳು.

ಬುಧವಾರ ಗಂಡ ಅರ್ಧ ದಿನದ ರಜೆ ಹಾಕಿ ಬಂದ, ಬೀಗದ ಕೈ ತರಲು. ಆ ಹೊತ್ತಿಗೆ ಅಂಗಡಿಯಲ್ಲಿ ಅಂಚೆಯವನು ಕೂತಿದ್ದ. ಮಾತುಗಾರ. ಊರ ಕಾಗದವೆಲ್ಲ ಹಂಚಿ ಉಳಿದ ಸುದ್ದಿಯನ್ನು ಅವಳ ಅಂಗಡಿಯಲ್ಲಿ ಹಂಚುವವನು. ಅವಳು ಅವನ ಹಿಂದೆ ನಿಂತು ಕನ್ನಡಿ ನೋಡಿಕೊಂಡು ಕತ್ತರಿಸಿದಳು. ಮುಗಿಯುತ್ತ ಬಂದಾಗ ಕಿವಿಯ ಎರಡೂ ಪಕ್ಕ ಸಮ ಇದೆಯೋ ನೋಡಲು ಅವನ ಎದುರಿಗೆ ಬಂದು ನಿಂತಳು.

“ಬಲಗಡೆ ಇನ್ನೊಂಚೂರು ಇಳಿಸ್ಬೇಕು,” ಎಂದು ಅವನ ಕಿವಿ ಮುಟ್ಟಿದಳು.

ಅಂಚೆಯವನು ನಕ್ಕ. “ಅಕ್ಕಾ, ಅದು ನನ್ನ ಎಡಗಿವಿ. ದಿನಾ ಕನ್ನಡಿ ನೋಡಿ ನೋಡಿ ನಿಮಗೆ ಜನ ಎದುರಿಗೆ ಬಂದ್ರೆ ದಿಕ್ಕೇ ತಪ್ಪಿಹೋಗತ್ತೆ ನೋಡಿ.”

ಅವಳು ಕತ್ತರಿ ಹಿಡಿದು ಹಾಗೇ ನಿಂತಳು.

ಕನ್ನಡಿಯಲ್ಲಿ ಗಿರಾಕಿಯ ಬಲ ಅವಳ ಬಲಗೈ ಕಡೆಗೇ ಇರುತ್ತದೆ. ವಿಮಾನ ಕನ್ನಡಿಯಲ್ಲಿರಲಿಲ್ಲ. ಮೂಗು ಅವಳ ಕಡೆಗಿತ್ತು. ಅವಳು ಬಲ ಎಂದದ್ದು ವಿಮಾನದ ಎಡ. ಗಂಡ ಮೊದಲು ಮಾಡಿಟ್ಟದ್ದೇ ಸರಿಯಿತ್ತು. ಅವಳ ಮಾತು ಕೇಳಿ ತಿರುಗುಮುರುಗು ಮಾಡಿದ. ಅವನು ಬಲಕ್ಕೆ ಒತ್ತಿದಷ್ಟೂ ಅದು ಎಡಕ್ಕೆ ಹೊರಳಿತು.

“ಏನಾಯ್ತಕ್ಕ?”

“ಕೂತಿರಿ. ಬಂದೆ.”

ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಹೇಳಿದರೆ ಇಬ್ಬರೂ ಸೇರಿ ತನ್ನ ಮೇಲೇ ಬೀಳಬಹುದು. ಬೀಳಲಿ ಎಂದುಕೊಂಡು ಹೊಸ್ತಿಲು ದಾಟಿದಳು. ಅಪ್ಪ ಮೇಜಿನ ಮೇಲೆ ಮುರಿದ ಎರಡು ರೆಕ್ಕೆಗಳನ್ನು ಒಂದು ಹಳೇ ತಕ್ಕಡಿಯ ಎರಡು ತಟ್ಟೆಗಿಟ್ಟು ಮೂರನೇ ದಿನವೂ ತೂಗುತ್ತಿದ್ದರು. ಗಂಡ ಚಪ್ಪಲಿ ಮೆಟ್ಟುತ್ತಿದ್ದ.

“ವಿಮಾನ ಬೀಳಿಸಿದ್ದು ನಾನು,” ಎಂದಳು.

ಇಬ್ಬರೂ ತಿರುಗಿದರು.

“ಬಲ ಮೇಲೆ ಅಂತ ನಾನು ಹೇಳಿದ್ದು ತಪ್ಪು. ನಾನು ಎದುರಿಗೆ ನಿಂತಿದ್ದೆ. ನನ್ನ ಬಲ ಅದರ ಎಡ. ರೆಕ್ಕೆ ಭಾರನೂ ಅಲ್ಲ, ಹಾರಿಸಿದ್ದೂ ತಪ್ಪಲ್ಲ.”

“ನೀನು...” ಗಂಡ ಶುರು ಮಾಡಿದ.

“ಬಾಯಿ ಮುಚ್ಚಿ! ಇನ್ನೂ ಮುಗಿದಿಲ್ಲ ನನ್ನದು. ನಾನ್ಯಾಕೆ ಅಲ್ಲಿ ನಿಂತಿದ್ದೆ? ವಿಮಾನದ ಗಂಧಗಾಳಿ ಗೊತ್ತಿಲ್ಲದೋಳು, ತಲೆ ಬೋಳಿಸೋಳು, ಹೊಸ್ತಿಲಲ್ಲಿ ನಿಂತು ಮೇಲೆ ಕೆಳಗೆ ಅಂತ ಯಾಕೆ ಕೂಗ್ಬೇಕಿತ್ತು? ನೀವು ಎದ್ದು ಎರಡು ಹೆಜ್ಜೆ ಬಂದಿದ್ರೆ ನೀವೇ ನೋಡ್ತಿದ್ರಿ. ಬರಲ್ಲ! ಮಾನ ಹೋಗತ್ತೆ! ಅಪ್ಪಾ, ನೀವು ಹಿಂದೆ ಕೂತಿದ್ರಿ, ಅವರನ್ನ ಒಂದು ಮಾತು ಕೇಳಿದ್ರೆ ನಾಲಿಗೆ ಸವೀತಿತ್ತಾ? ಎಂಟು ತಿಂಗಳಾಯ್ತು, ನಿಮ್ಮ ಮಾತು ಅವರಿಗೆ ಹೊತ್ತು, ಅವರ ಮಾತು ನಿಮಗೆ ಹೊತ್ತು. ಎರಡು ಕೋಣ ಗುದ್ದಾಡಿ ನಡುವಿನ ಗಿಡ ನುಜ್ಜಾಯ್ತು. ಕತ್ತೆನೂ ಭಾರ ಇಳಿಸಿ ಮಲಗತ್ತೆ, ನನಗೆ ಅದೂ ಇಲ್ಲ!”

“ಮಗಳೇ, ಕೂಗಬೇಡ, ಗಿರಾಕಿ ಇದಾರೆ...”

“ಇರ್ಲಿ! ಇವತ್ತಿಂದ ಒಂದು ಮಾತು ನನ್ನ ಮೂಲಕ ಹೋಗಲ್ಲ. ಉಪ್ಪು ಬೇಕಾದ್ರೆ ಕೇಳ್ಕೊಳ್ಳಿ, ಇಲ್ದಿದ್ರೆ ಸಪ್ಪೆ ತಿನ್ನಿ. ಆ ಮೂರನೇ ಮಹಡಿಗೆ ನಾನು ಬರಲ್ಲ. ಅಂಗಡಿ ನನ್ನದು. ಹೋಗೋರು ಹೋಗಿ, ಇರೋರು ಇರಿ.”

 ಅಪ್ಪ ತಕ್ಕಡಿಯ ಮುಳ್ಳನ್ನು ನೋಡುತ್ತ ಗೊಣಗಿದರು: “ಅವಳೊಬ್ಬಳದೇ ತಪ್ಪು ಅಂತ ನಾನಂತೂ ಅನ್ನಲ್ಲ. ನನಗೆ ಆವತ್ತೇ ಕಾಣಿಸಿತ್ತು. ಇವಳು ಬಲ ಅಂದ್ಳು, ಮೇಲೆದ್ದಿದ್ದು ಎಡಗಡೆದು.”

ಗಂಡ ಮೆಟ್ಟಿದ ಚಪ್ಪಲಿ ಬಿಟ್ಟು ಮೇಜಿನ ಹತ್ತಿರ ಬಂದ.

“ಏನಂದ್ರಿ?” ಎಂದ ಗಂಡ.

ಹೆಂಡತಿಗಲ್ಲ. ಮಾವನಿಗೆ. ನೇರವಾಗಿ, ಮುಖಕ್ಕೆ ಮುಖ ಕೊಟ್ಟು.

“ಕಾಣಿಸಿತ್ತು ಅಂದೆ.”

“ಕಾಣಿಸಿಯೂ ಬಾಯಿ ಮುಚ್ಕೊಂಡು ಕೂತಿದ್ರಾ? ಮನುಷ್ಯರಾ ನೀವು?”

“ನಿನಗೇನು ಗೊತ್ತಿರುತ್ತೋ, ವಿಮಾನದಲ್ಲಿ ಹಾಗೇ ಇರಬೇಕೋ ಏನೋ ಅಂದ್ಕೊಂಡೆ! ನೀನು ನನ್ನ ಕೇಳಿದ್ಯಾ?”

“ನೀವು ಹೇಳಿದ್ರಾ?”

“ನಾನ್ಯಾಕೆ ಹೇಳ್ಲಿ? ಮಾವನ ಮುಂದೆ ದುಡ್ಡು ಎಸೆಯೋನಿಗೆ!”

“ಎಸೆಯಲಿಲ್ಲ, ಇಟ್ಟೆ! ನೀವೇ ಅಂದಿದ್ದು, ಬಾಡಿಗೆ ಬದಲು ಆಟಿಕೆ ಅಂತ. ಇಪ್ಪತ್ತು ಜನರ ಮುಂದೆ! ಊರೆಲ್ಲ ತಿರುಗಿ ತಂದಿದ್ದೆ ಆ ಪೆಟ್ಟಿಗೆ!”

“ತಮಾಷೆಗಂದೆ ಕಣೋ!”

“ತಮಾಷೆ ಆಗಿದ್ರೆ ಮಾರನೇ ದಿನ ಹೇಳಬೇಕಿತ್ತು! ಆ ಆಟಿಕೆನೇ ಏಳು ತಿಂಗಳು ಮಗು ತರ ತೊಡೆ ಮೇಲೆ ಮಲಗಿಸ್ಕೊಂಡಿದ್ರಲ್ಲ, ಒಂದು ಸಲ ಚೆನ್ನಾಗಿದೆ ಅಂದ್ರಾ?”

ಅಮ್ಮ ಸೌಟು ಹಿಡಿದು ಅಡುಗೆಮನೆ ಬಾಗಿಲಿಗೆ ಬಂದವಳು, ಮಗಳ ಮುಖ ನೋಡಿ ಹಿಂದಕ್ಕೆ ಸರಿದಳು. ಕತ್ತರಿಯಕ್ಕ ಅಂಗಡಿಗೆ ವಾಪಸು ಬಂದಳು.  ಕೋಪ ಒಂದು ಚೂರೂ ಇಳಿದಿರಲಿಲ್ಲ.

ಅಂಚೆಯವನು ಮೈಮೇಲಿನ ಬಟ್ಟೆ ಅರ್ಧ ಬಿಚ್ಚಿಕೊಂಡಿದ್ದ. “ಅಕ್ಕಾ, ನಾನು ಇನ್ನೊಂದಿನ ಬರ್ಲಾ?”

“ಒಂದು ಕಿವಿ ಉದ್ದ, ಒಂದು ಕಿವಿ ಗಿಡ್ಡ ಮಾಡ್ಕೊಂಡು ಎಲ್ಲಿಗೆ ಹೋಗ್ತೀರಿ? ಕೂತ್ಕೊಳ್ಳಿ.”

ಒಳಗೆ ಮೇಜು ಗುದ್ದಿದ ಸದ್ದು. ಅಪ್ಪನ ದನಿ: “ಹೋಗು ಮತ್ತೆ! ಬುಧವಾರ ಇವತ್ತೇ ಅಲ್ವಾ? ಹೋಗಿ ಬೀಗದ ಕೈ ತಗೋ! ಯಾರು ತಡೆದ್ರು?”

“ಹೋಗಲ್ಲ! ಎಡರೆಕ್ಕೆ ಭಾರ ಇತ್ತು ಅಂತ ನೀವು ಒಪ್ಪೋವರೆಗೂ ಈ ಮನೆಯಿಂದ ಒಂದು ಹೆಜ್ಜೆ ಕದಲಲ್ಲ!”

“ಸತ್ರೂ ಒಪ್ಪಲ್ಲ! ಬಾ ಇಲ್ಲಿ, ಮುಳ್ಳು ನೋಡು, ಕಣ್ಣಿದ್ರೆ ನೋಡು!”

“ತೋರಿಸಿ! ಹೀಗಲ್ಲ, ಮುರಿದ ತುಂಡೆಲ್ಲ ಹಾಕಿ ತೋರಿಸಿ! ಮೋಟಾರಿನ ಕಡೆ ಸಿಕ್ಕಿಕೊಂಡಿರೋ ರೆಕ್ಕೆಯ ಪಟ್ಟಿ ಯಾರ ಲೆಕ್ಕಕ್ಕೆ?”

“ಅಕ್ಕಾ,” ಎಂದ ಅಂಚೆಯವನು ಮೆಲ್ಲಗೆ, “ತುಂಬ ಜೋರಾಗ್ತಿದೆ. ಹೋಗಿ ಬಿಡಿಸಬಾರದಾ?”

“ಬಿಡಿಸೋದಾ? ನಾನು ಆ ಕಡೆ ಕಾಲೂ ಇಡಲ್ಲ. ತಲೆ ಬಗ್ಗಿಸಿ.”

ಅವನು ತಲೆ ಬಗ್ಗಿಸಿದ. ಬೀದಿಯ ಆಚೆ ಬದಿಯ ಮನೆಯಲ್ಲಿ ಯಾರೋ ಈ ಗದ್ದಲ ತಾಳಲಾರದೆ ಕಿಟಕಿಯನ್ನು ಧಡ್ ಎಂದು ಮುಚ್ಚಿದರು.